‘ಬಸ್’ ಅಂದರೆ ಬರೀ ಒಂದು ಬಾಲ!

[ದೃಶ್ಯ: ಬಸ್ ಸ್ಟ್ಯಾಂಡ್. ಓಡಿ ಬಂದು ಬಸ್ ತಪ್ಪಿಸಿಕೊಂಡ ಒಬ್ಬ ಹುಡುಗ]

ನಮಸ್ಕಾರ. ‘ಎಲ್ಲರಿಗೂ’ ಅನ್ನುವ ಪದ ತೆಗೆದುಕೊಳ್ಳಿ. ಮುಂದಿನ ‘ಎಲ್ಲ’ವನ್ನು ಕಿತ್ತು ಬಿಸಾಕಿ. ಉಳಿದದ್ದು ‘ರಿಗೂ’. ಈಗ ಈ ಹುಡುಗ ಮನೆಗೆ ಫೋನ್ ಮಾಡಿ, “ಅಮ್ಮಾ, ಏಳೂವರೆ ರಿಗೂ ತಪ್ಪಿಹೋಯ್ತು” ಅಂದರೆ? ನಗು ಬರುತ್ತದೆ, ಅಲ್ವಾ? ‘ಬಸ್ಸು ತಪ್ಪಿಹೋಯ್ತು’ ಅನ್ನುವಾಗ ನಾವು ಮಾಡುತ್ತಿರುವುದೂ ಇದನ್ನೇ.

[ಪರದೆಯ ಮೇಲೆ: ಒಮ್ನಿ + ಬುಸ್]

ಲ್ಯಾಟಿನ್‌ನಲ್ಲಿ ‘ಒಮ್ನಿಸ್’ ಅಂದರೆ ಎಲ್ಲ, ಪ್ರತಿಯೊಂದು. ಇದರ ರೂಪಗಳು ನಮಗೆ ಅಷ್ಟೇನೂ ಅಪರಿಚಿತವಲ್ಲ. ‘ಒಮ್ನೇಸ್’ ಎಲ್ಲರೂ, ಗಂಡು ಹೆಣ್ಣು ಎರಡಕ್ಕೂ ಇದೇ. ವಸ್ತುಗಳಾದರೆ ‘ಒಮ್ನಿಯ’, ಎಲ್ಲವೂ. ‘ಒಮ್ನಿಯುಮ್’ ಅಂದರೆ ಎಲ್ಲರ. ‘ಒಮ್ನಿಬುಸ್’ ಅಂದರೆ ಎಲ್ಲರಿಗೂ. ಚತುರ್ಥಿ ವಿಭಕ್ತಿ!

ಶಾಲೆಯಲ್ಲಿ ಸಂಸ್ಕೃತ ಓದಿದವರು ಸ್ವಲ್ಪ ನೆನಪು ಮಾಡಿಕೊಳ್ಳಿ. ರಾಮಾಯ, ರಾಮಾಭ್ಯಾಂ, ರಾಮೇಭ್ಯಃ. ಆ ‘ಭ್ಯಃ’ ಮತ್ತು ಈ ‘ಬುಸ್’ ಒಂದೇ ಮನೆತನದವು. ಪಂಚಮಿಯಲ್ಲೂ ‘ರಾಮೇಭ್ಯಃ’ ಅಂತಲೇ ಬಾಯಿಪಾಠ ಮಾಡಿದ್ದೆವಲ್ಲ? ಲ್ಯಾಟಿನ್‌ನಲ್ಲೂ ಅದೇ ಕಥೆ, ‘ಎಲ್ಲರಿಂದ’ ಅನ್ನುವುದಕ್ಕೂ ‘ಒಮ್ನಿಬುಸ್’ ಸಾಕು.

[ದೃಶ್ಯ: ಕುದುರೆ ಎಳೆಯುವ ಉದ್ದನೆಯ ಗಾಡಿಯ ಹಳೆಯ ಚಿತ್ರ]

ಇದು ಗಾಡಿಯ ಹೆಸರಾದದ್ದು ಫ್ರಾನ್ಸಿನಲ್ಲಿ. 1826ರ ಸುಮಾರಿಗೆ ನಾಂತ್ ಊರಿನ ಸ್ಟಾನಿಸ್ಲಾಸ್ ಬೋದ್ರಿ, ಊರ ಹೊರಗಿದ್ದ ತನ್ನ ಬಿಸಿನೀರಿನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಕುದುರೆ ಗಾಡಿ ಬಿಟ್ಟ. ಜನ ಹತ್ತಿದರು, ಆದರೆ ಸ್ನಾನಕ್ಕೆ ಹೋಗದೆ ದಾರಿಯಲ್ಲೇ ಇಳಿಯತೊಡಗಿದರು. ಬೋದ್ರಿ ಜಾಣ, ಗಾಡಿಯನ್ನೇ ವ್ಯಾಪಾರ ಮಾಡಿಕೊಂಡ. ಗಾಡಿ ನಿಲ್ಲುತ್ತಿದ್ದದ್ದು ಒಮ್ನೇಸ್ ಅನ್ನುವವನ ಟೋಪಿ ಅಂಗಡಿ ಮುಂದೆ, ಬೋರ್ಡಿನಲ್ಲಿ ‘ಒಮ್ನೇಸ್ ಒಮ್ನಿಬುಸ್’ ಎಂಬ ಚಮತ್ಕಾರವಿತ್ತು, ಹೆಸರು ಬಂದದ್ದು ಅದರಿಂದಲೇ ಅಂತ ಒಂದು ಕಥೆ ಇದೆ. ನನಗಂತೂ ಇದು ಜಾಸ್ತಿ ಚೆನ್ನಾಗಿದೆ ಅಂತಲೇ ಅನುಮಾನ.

1828ರಲ್ಲಿ ಪ್ಯಾರಿಸ್, 1829ರಲ್ಲಿ ಲಂಡನ್. ಇಂಗ್ಲಿಷರ ಬಾಯಲ್ಲಿ ‘ಆಮ್ನಿಬಸ್’ ಸವೆದು ‘ಬಸ್’ ಆಯಿತು. ಅರ್ಥ ಇದ್ದದ್ದು ‘ಆಮ್ನಿ’ಯಲ್ಲಿ. ಅದನ್ನೇ ಬಿಟ್ಟು ಪ್ರತ್ಯಯ ಇಟ್ಟುಕೊಂಡರು! ಬಿಟ್ಟ ತಲೆಯೂ ಸುಮ್ನೆ ಹಾಳಾಗಲಿಲ್ಲ ಬಿಡಿ. ಮಾರುತಿ ಓಮ್ನಿ ವ್ಯಾನಿನ ಹಿಂದೆ ನೋಡಿ, ಅಲ್ಲಿದೆ.

[ದೃಶ್ಯ: ಮತ್ತೆ ಬಸ್ ಸ್ಟ್ಯಾಂಡ್. ಹುಡುಗ ವಾಚ್ ನೋಡುತ್ತಾನೆ]

ಇನ್ನು ನಮ್ಮವರು. ‘ಎಂಟು ಗಂಟೆ ಬಸ್ಸಿಗೆ ಬರ್ತೀನಿ’ ಅನ್ನುತ್ತಾರೆ. ಗಮನಿಸಿದಿರಾ? ಲ್ಯಾಟಿನ್ ಚತುರ್ಥಿಯ ಬೆನ್ನ ಮೇಲೆ ಕನ್ನಡದ ಚತುರ್ಥಿ!