ಮುದ್ರೆಗಾಗಿ ಸಮುದ್ರ ದಾಟಬೇಕೇ?

ನಮಸ್ಕಾರ. ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ ಮಾತನಾಡುತ್ತಿದ್ದೇನೆ. ಇಂದು ನಾನು ಎತ್ತಿಕೊಂಡಿರುವ ವಿಷಯ ಅಮೆರಿಕದ ಎಚ್‌-1ಬಿ ಉದ್ಯೋಗ ವೀಸಾದ ನವೀಕರಣ, ಅಂದರೆ ಅಲ್ಲಿರುವ ನಮ್ಮ ಹುಡುಗ ಹುಡುಗಿಯರು ‘ಸ್ಟ್ಯಾಂಪಿಂಗ್’ ಎಂದು ಕರೆಯುವ ಕೆಲಸ. ಇದು ಬೆಂಗಳೂರಿನ ವೈಟ್‌ಫೀಲ್ಡ್‌ನವರ ತಲೆನೋವು, ಹಳ್ಳಿಯ ಕಡೆಯ ನಮಗೇನು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಟೊಮೆಟೊ ಮಾರಿದ ದುಡ್ಡಿನಲ್ಲಿ, ಡೇರಿಗೆ ಹಾಲು ಹಾಕಿ ಬಂದ ಬಟವಾಡೆಯಲ್ಲಿ ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿ ಹೊರದೇಶಕ್ಕೆ ಕಳುಹಿಸಿದ ಮನೆಗಳು ನಮ್ಮ ತಾಲ್ಲೂಕಿನಲ್ಲಿಯೂ ಇವೆ, ನಮ್ಮದೂ ಅಂಥ ಒಂದು ಮನೆ.

ನನ್ನ ತಮ್ಮ ಹತ್ತು ವರ್ಷಗಳಿಂದ ಅಮೆರಿಕದಲ್ಲಿದ್ದಾನೆ. ನಮ್ಮ ತಂದೆಯವರ ವರ್ಷದ ತಿಥಿಗೆಂದು 2025ರ ನವೆಂಬರ್‌ನಲ್ಲಿ ಹೆಂಡತಿ ಮಗಳೊಂದಿಗೆ ಊರಿಗೆ ಬಂದ. ಮನೆಗೆ ಅವನೊಬ್ಬನೇ ಗಂಡುಮಗ, ಹಾಗಾಗಿ ಪಿಂಡ ಇಡುವುದಕ್ಕೆ ಅವನೇ ಬರಬೇಕಿತ್ತು. (ಹಿರಿಯ ಮಗಳಾದ ನಾನು ಇಟ್ಟರೆ ಏಕೆ ಆಗುವುದಿಲ್ಲ ಎಂಬುದು ಬೇರೆಯೇ ಚರ್ಚೆ, ಅದನ್ನು ಇನ್ನೊಂದು ದಿನ ಮಾತಾಡೋಣ.) ಡಿಸೆಂಬರ್ ಕೊನೆಯ ವಾರದಲ್ಲಿ ವೀಸಾ ಸಂದರ್ಶನ, ಜನವರಿ ಮೊದಲ ವಾರದಲ್ಲಿ ವಾಪಸು ಹೋಗುವ ಟಿಕೆಟ್, ಎಲ್ಲವೂ ನಿಗದಿಯಾಗಿತ್ತು. ಒಂದು ಸಂಜೆ ಬಂದ ಇ-ಮೇಲ್‌ನಲ್ಲಿ ಸಂದರ್ಶನವನ್ನು ಮಾರ್ಚ್ ತಿಂಗಳಿಗೆ ಮುಂದೂಡಲಾಗಿದೆ ಎಂದಿತ್ತು. ಕಾರಣ ಕೇಳುವುದಕ್ಕೆ ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ.

ವಿಷಯ ತಿಳಿದು ಮನೆಗೆ ಬಂದ ನೆಂಟರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ, “ಹಾಗಾದ್ರೆ ಇಷ್ಟು ದಿನ ವೀಸಾ ಇಲ್ದೇನೇ ಅಲ್ಲಿದ್ನಾ?” ಎಂಬುದಾಗಿತ್ತು. ಅವರ ತಪ್ಪಲ್ಲ. ಓದಿದವರಿಗೂ ಇಲ್ಲಿ ಗೊಂದಲವಿದೆ. ಪಾಸ್‌ಪೋರ್ಟ್‌ನ ಹಾಳೆಗೆ ಅಂಟಿಸುವ ವೀಸಾ ಎಂಬುದು ಅಮೆರಿಕದ ಗಡಿಯಲ್ಲಿ ಒಳಗೆ ಬರಲು ಅನುಮತಿ ಕೇಳುವುದಕ್ಕೆ ಬೇಕಾದ ಪತ್ರ. ಒಳಗೆ ಹೋದ ಮೇಲೆ ಎಷ್ಟು ದಿನ ಇರಬಹುದು, ಯಾರ ಬಳಿ ಕೆಲಸ ಮಾಡಬಹುದು ಎಂಬುದನ್ನು ನಿರ್ಧರಿಸುವುದು ಐ-94 ಎಂಬ ದಾಖಲೆ ಮತ್ತು ಐ-797 ಎಂಬ ಅನುಮೋದನೆ ಪತ್ರ. ಈ ಅನುಮೋದನೆಯನ್ನು ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷಕ್ಕೆ ಕೊಡುತ್ತಾರೆ, ಸಾಮಾನ್ಯವಾಗಿ ಒಟ್ಟು ಆರು ವರ್ಷಕ್ಕೆ ಮಿತಿ ಇದೆ, ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿಯ ಸರದಿಯಲ್ಲಿ ನಿಂತವರಿಗೆ ಅದನ್ನು ಇನ್ನೂ ವಿಸ್ತರಿಸುತ್ತಾರೆ. ಕಂಪನಿ ಅರ್ಜಿ ಹಾಕುತ್ತದೆ, ಅಲ್ಲಿನ ವಲಸೆ ಇಲಾಖೆ ಪರಿಶೀಲಿಸಿ ಮುಂದುವರಿಸುತ್ತದೆ, ಕೆಲಸಗಾರ ದೇಶ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. ಹೀಗಾಗಿ ಪಾಸ್‌ಪೋರ್ಟ್‌ನಲ್ಲಿರುವ ವೀಸಾದ ಅವಧಿ ಎಂದೋ ಮುಗಿದಿದ್ದರೂ ಒಬ್ಬನು ಪೂರ್ತಿ ಕಾನೂನುಬದ್ಧವಾಗಿ ಅಲ್ಲಿ ದುಡಿದು, ತೆರಿಗೆ ಕಟ್ಟಿ, ಮಗಳನ್ನು ಶಾಲೆಗೆ ಕಳುಹಿಸಿಕೊಂಡು ವರ್ಷಗಟ್ಟಲೆ ಇರಬಹುದು. ಆತ ಊರಿಗೆ ಬಂದು ಹಿಂದಿರುಗಲು ಹೊರಟಾಗ ಮಾತ್ರ ಆ ವೀಸಾ ಅವನ ದಾರಿಗೆ ಅಡ್ಡ ಬರುತ್ತದೆ.

ನನ್ನ ತಕರಾರು ಇರುವುದು ಇಲ್ಲಿ. ಅಲ್ಲೇ ಕೂತವನಿಗೆ ತೊಂದರೆಯಿಲ್ಲ, ತಾಯಿಯನ್ನು ನೋಡಲು ಬಂದವನಿಗೆ ತೊಂದರೆ. ಇದಕ್ಕಿಂತ ವಿಚಿತ್ರವಾದ ಇನ್ನೊಂದು ನಿಯಮವಿದೆ. ವೀಸಾ ಮುಗಿದಿದ್ದರೂ ಐ-94 ಊರ್ಜಿತವಾಗಿದ್ದರೆ, ಕೆನಡಾಕ್ಕೋ ಮೆಕ್ಸಿಕೋಗೋ ಹೋಗಿ 30 ದಿನದೊಳಗೆ ಬರುವವರನ್ನು, ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕದೆ ಇದ್ದರೆ, ಸಾಮಾನ್ಯವಾಗಿ ಅದೇ ಹಳೆಯ ವೀಸಾದ ಮೇಲೆ ಒಳಗೆ ಬಿಟ್ಟುಕೊಳ್ಳುತ್ತಾರೆ. ನನ್ನ ತಮ್ಮ ನಯಾಗರಾದ ಆಚೆ ದಡಕ್ಕೆ ಪ್ರವಾಸ ಹೋಗಿ ಹೀಗೆಯೇ ಹಿಂದಿರುಗಿದ್ದ. ಅದೇ ಮನುಷ್ಯ, ಅದೇ ಪಾಸ್‌ಪೋರ್ಟ್, ಅದೇ ಮುಗಿದ ವೀಸಾ. ಜಲಪಾತ ನೋಡಿ ಬಂದರೆ ಅನುಮಾನ ಹುಟ್ಟದ ಕಡೆ, ತಂದೆಯ ತಿಥಿ ಮಾಡಿ ಬಂದರೆ ಏಕೆ ಹುಟ್ಟಬೇಕು ಎಂಬ ಪ್ರಶ್ನೆಗೆ ಭದ್ರತೆಯ ಹೆಸರಿನಲ್ಲಿ ಯಾರು ಉತ್ತರ ಕೊಟ್ಟರೂ ಅದು ನನಗೆ ಒಪ್ಪಿಗೆಯಾಗುವುದು ಕಷ್ಟ.

ಹಿಂದೆ ಹೀಗಿರಲಿಲ್ಲ. 2004ರ ಜುಲೈವರೆಗೂ ಉದ್ಯೋಗ ವೀಸಾವನ್ನು ಅಮೆರಿಕದೊಳಗೇ ನವೀಕರಿಸಿಕೊಳ್ಳಬಹುದಿತ್ತು. ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳುಹಿಸಿದರೆ ಅಲ್ಲಿನ ವಿದೇಶಾಂಗ ಇಲಾಖೆ ಹೊಸ ವೀಸಾ ಅಂಟಿಸಿ ಹಿಂದಿರುಗಿಸುತ್ತಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, 2002ರಲ್ಲಿ ಬಂದ ಕಾನೂನು ಎಲ್ಲ ವೀಸಾಗಳಿಗೂ ಬೆರಳಚ್ಚಿನಂಥ ಬಯೋಮೆಟ್ರಿಕ್ ಗುರುತನ್ನು ಕಡ್ಡಾಯ ಮಾಡಿತು. ಅದನ್ನು ದೇಶದೊಳಗೆ ಪಡೆಯುವ ಏರ್ಪಾಡು ವಿದೇಶಾಂಗ ಇಲಾಖೆಗೆ ಇಲ್ಲವೆಂಬ ಕಾರಣಕ್ಕೆ ಆ ಸೌಲಭ್ಯ ನಿಂತಿತು. ಅಂದು ಆ ಕಾರಣಕ್ಕೆ ಅರ್ಥವಿದ್ದಿರಬಹುದು. ಆದರೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವರ ಬೆರಳಚ್ಚನ್ನು ಅದೇ ಸರ್ಕಾರದ ವಲಸೆ ಇಲಾಖೆ ಅಮೆರಿಕದ ನಗರನಗರಗಳಲ್ಲಿರುವ ತನ್ನ ಕೇಂದ್ರಗಳಲ್ಲಿ ತೆಗೆದುಕೊಳ್ಳುತ್ತಿದೆ. ಒಂದು ಇಲಾಖೆಯ ಯಂತ್ರದ ಮೇಲೆ ಒತ್ತಿದ ಬೆರಳು ಇನ್ನೊಂದು ಇಲಾಖೆಗೆ ಬೆರಳೇ ಅಲ್ಲವೆಂದರೆ ಹೇಗೆ?

ಇದು ಆಗುವ ಕೆಲಸವೇ ಎಂಬುದನ್ನೂ ಅವರೇ ಪರೀಕ್ಷಿಸಿ ನೋಡಿದ್ದಾರೆ. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿಯವರು ವಾಷಿಂಗ್ಟನ್‌ಗೆ ಭೇಟಿ ನೀಡಿದಾಗ ಹೊರಬಂದ ಜಂಟಿ ಹೇಳಿಕೆಯಲ್ಲಿ ದೇಶದೊಳಗಿನ ನವೀಕರಣದ ಪ್ರಸ್ತಾಪವಿತ್ತು. ಅದರಂತೆ 2024ರ ಜನವರಿ 29ರಿಂದ ಪ್ರಾಯೋಗಿಕ ಯೋಜನೆಯೊಂದು ನಡೆಯಿತು. ವಾರಕ್ಕೆ ಭಾರತದಲ್ಲಿ ವೀಸಾ ಪಡೆದವರಿಗೆ 2,000, ಕೆನಡಾದಲ್ಲಿ ಪಡೆದವರಿಗೆ 2,000 ಅರ್ಜಿಗಳಂತೆ ಐದು ವಾರಗಳಲ್ಲಿ ಒಟ್ಟು 20,000 ಅರ್ಜಿಗಳಿಗೆ ಅವಕಾಶವಿತ್ತು. ಭಾರತದ ಪಾಲಿಗೆ 2021ರ ಫೆಬ್ರವರಿ 1ರಿಂದ ಸೆಪ್ಟೆಂಬರ್ 30ರವರೆಗೆ ವೀಸಾ ಪಡೆದವರು ಮಾತ್ರ ಅರ್ಹರು, ಹೆಂಡತಿ ಮಕ್ಕಳ ಎಚ್‌-4 ವೀಸಾ ಅದರಲ್ಲಿ ಸೇರಿರಲಿಲ್ಲ. ಇಷ್ಟೆಲ್ಲ ಮಿತಿಗಳಿದ್ದರೂ ಅದೊಂದು ದಾರಿಯಾಗಿತ್ತು. ಪ್ರಯೋಗ ಮುಗಿಯಿತು, ದಾರಿಯೂ ಮುಚ್ಚಿತು.

ಮುಂದಿನ ವರ್ಷ ಉಳಿದ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು. 2025ರ ಸೆಪ್ಟೆಂಬರ್ 2ರಿಂದ, ಸಂದರ್ಶನವಿಲ್ಲದೆ ಕಾಗದಪತ್ರಗಳನ್ನು ಕೊಟ್ಟು ಬರುವ ‘ಡ್ರಾಪ್‌ಬಾಕ್ಸ್’ ಸೌಲಭ್ಯ ಎಚ್‌-1ಬಿಯವರಿಗೆ ಇಲ್ಲವಾಯಿತು. ಅದೇ ವಾರದಲ್ಲಿ, ಅರ್ಜಿದಾರರು ತಮ್ಮ ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿಯೇ ಅರ್ಜಿ ಹಾಕಬೇಕೆಂಬ ಸೂಚನೆ ಬಂದು, ಮೆಕ್ಸಿಕೋದಂಥ ಬೇರೆ ದೇಶಕ್ಕೆ ಹೋಗಿ ಸ್ಟ್ಯಾಂಪಿಂಗ್ ಮಾಡಿಸಿಕೊಳ್ಳುವ ಹಳೆಯ ಉಪಾಯಕ್ಕೂ ತೆರೆ ಬಿತ್ತು. ಡಿಸೆಂಬರ್ 15ರಿಂದ ಎಚ್‌-1ಬಿ ಮತ್ತು ಎಚ್‌-4 ಅರ್ಜಿದಾರರೆಲ್ಲರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪರಿಶೀಲಿಸುವ ನಿಯಮ ಜಾರಿಗೆ ಬಂದು, ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಲು ಹೇಳಲಾಯಿತು. ಹೆಚ್ಚಿದ ಕೆಲಸಕ್ಕೆ ಸಮಯ ಬೇಕೆಂದು ಭಾರತದಲ್ಲಿ ಆ ತಿಂಗಳು ನಿಗದಿಯಾಗಿದ್ದ ಅನೇಕ ಸಂದರ್ಶನಗಳು 2026ರ ಮಾರ್ಚ್‌ಗೆ, ಇನ್ನು ಕೆಲವು ಅದಕ್ಕೂ ಮುಂದಕ್ಕೆ ಹೋದವು. ನಮ್ಮ ವಿದೇಶಾಂಗ ಸಚಿವಾಲಯವೂ ಇದನ್ನು ಅಮೆರಿಕದ ಮುಂದೆ ಪ್ರಸ್ತಾಪಿಸಿದೆ. ಈ ನಡುವೆ ಎಚ್‌-1ಬಿಗೆ ಅಮೆರಿಕ ವಿಧಿಸಿದ 1,00,000 ಡಾಲರ್ ಶುಲ್ಕದ ಸುದ್ದಿಯಿಂದ ಹೆದರಿ ನಮ್ಮ ಮನೆಗೆ ಫೋನ್ ಮಾಡಿದವರೂ ಇದ್ದರು. ಅದು ಹೊಸ ಅರ್ಜಿಗಳಿಗೆ ಸಂಬಂಧಿಸಿದ್ದು, ನವೀಕರಣಕ್ಕಲ್ಲ. ಸ್ಟ್ಯಾಂಪಿಂಗ್‌ನ ಅರ್ಜಿ ಶುಲ್ಕ 205 ಡಾಲರ್, ಅಂದರೆ ಸುಮಾರು 18 ಸಾವಿರ ರೂಪಾಯಿ.

ಹಣಕ್ಕಿಂತ ಹೆಚ್ಚಿನದು ಅಲೆದಾಟ. ಡಿಎಸ್‌-160 ಎಂಬ ಉದ್ದನೆಯ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಸ್ಲಾಟ್‌ಗಾಗಿ ಕಾಯಬೇಕು. ಬಳಿಕ ಇಲ್ಲಿಂದ ಬಂಗಾರಪೇಟೆಗೆ ಹೋಗಿ ರೈಲು ಹತ್ತಿ, ಅಮೆರಿಕದ ವೀಸಾ ಕಚೇರಿಯಿರುವ ಚೆನ್ನೈ ಸೇರಿ, ಒಂದು ದಿನ ಬೆರಳಚ್ಚು ಫೋಟೋ ಕೊಟ್ಟು, ಇನ್ನೊಂದು ದಿನ ಸಂದರ್ಶನಕ್ಕೆ ನಿಲ್ಲಬೇಕು. ಒಳಗೆ ಮೊಬೈಲ್ ಬಿಡುವುದಿಲ್ಲ. ಹೈದರಾಬಾದಿನಲ್ಲಿ ಸ್ಲಾಟ್ ಸಿಕ್ಕವರು ಚಿಲ್ಕೂರಿನ ಬಾಲಾಜಿಗೆ, ಅಂದರೆ ಜನರೇ ‘ವೀಸಾ ಬಾಲಾಜಿ’ ಎಂದು ಹೆಸರಿಟ್ಟ ದೇವರಿಗೆ, ಹನ್ನೊಂದು ಸುತ್ತು ಹರಕೆ ಹೊತ್ತು ಬರುತ್ತಾರೆ. ನಮ್ಮ ಅಮ್ಮ ಕುರುಡುಮಲೆ ಗಣಪತಿಗೇ ಹೇಳಿಕೊಂಡಿದ್ದಾರೆ, ಹತ್ತಿರವೂ ಹೌದು, ಆತ ಹಳಬನೂ ಹೌದು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾದಾಗ ನಮ್ಮ ಜನಪ್ರತಿನಿಧಿಗಳು ಬೀಗಿದ್ದೇನೋ ಸರಿ, ಆದರೆ ಅದು ವೀಸಾ ಸೇವೆಯಿಲ್ಲದೆ ಆರಂಭವಾದ ಕಚೇರಿ.

ಇಷ್ಟೆಲ್ಲ ಆದ ಮೇಲೆ ಕಿಟಕಿಯ ಮುಂದೆ ನಡೆಯುವುದು ಕೆಲವು ನಿಮಿಷಗಳ ಮಾತು. ಯಾವ ಕಂಪನಿ, ಏನು ಕೆಲಸ, ಸಂಬಳ ಎಷ್ಟು. ಇವೆಲ್ಲವೂ ಅಲ್ಲಿನ ವಲಸೆ ಇಲಾಖೆ ಈಗಾಗಲೇ ನೋಡಿ ಒಪ್ಪಿದ ಕಡತದಲ್ಲಿವೆ. ಅಧಿಕಾರಿಗೆ ಇನ್ನೂ ಏನಾದರೂ ಬೇಕೆನಿಸಿದರೆ 221(ಜಿ) ಎಂಬ ಚೀಟಿ ಕೊಡುತ್ತಾರೆ, ಆಮೇಲೆ ವಾರಗಳೋ ತಿಂಗಳುಗಳೋ ಎಂದು ಯಾರೂ ಹೇಳಲಾರರು.

ಅಮೆರಿಕದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಯಾರನ್ನು ಒಳಗೆ ಬಿಡಬೇಕೆಂಬುದು ಯಾವ ದೇಶಕ್ಕಾದರೂ ಇರುವ ಅಧಿಕಾರ. ನಮ್ಮ ಕಡೆಯ ತಪ್ಪೂ ಇದೆ. ಇಲ್ಲದ ಅನುಭವಕ್ಕೆ ಪ್ರಮಾಣಪತ್ರ ಮಾಡಿಕೊಡುವ, ಇಲ್ಲದ ಕೆಲಸ ತೋರಿಸಿ ಅರ್ಜಿ ಹಾಕುವ ದಲ್ಲಾಳಿಗಳು ನಮ್ಮ ನಡುವೆಯೇ ಇದ್ದಾರೆ, ಅವರಿಂದ ಪ್ರಾಮಾಣಿಕವಾಗಿ ದುಡಿಯುವವರ ಮೇಲೂ ಕಣ್ಣು ಬಿದ್ದಿದೆ. ಆದರೆ ಮೋಸವನ್ನು ಹಿಡಿಯಬೇಕಾದರೆ ಮನುಷ್ಯ ಕೆಲಸ ಮಾಡುವ ಊರಿನಲ್ಲಿ, ಅವನ ಕಚೇರಿ, ಸಂಬಳದ ಚೀಟಿ, ತೆರಿಗೆಯ ಲೆಕ್ಕ ಇರುವ ಕಡೆ ಹಿಡಿಯುವುದು ಸುಲಭ. ಸಾವಿರಾರು ಮೈಲಿ ಆಚೆಯ ಕಿಟಕಿಯಲ್ಲಿ ಕೂತು ಹುಡುಕುವುದು ಕಷ್ಟ. ಜಾಲತಾಣದ ಖಾತೆಯನ್ನು ನೋಡುವುದಕ್ಕಂತೂ ಆತ ಚೆನ್ನೈಗೆ ಬರಬೇಕಾದ ಅಗತ್ಯವೇ ಇಲ್ಲ.

ನಮ್ಮ ಜಿಲ್ಲೆಯ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಹೋಂಡಾ ಕಾರ್ಖಾನೆ 2013ರಿಂದ ನಡೆಯುತ್ತಿದೆ. ಅಂಥ ಕಡೆ ಕೆಲಸಕ್ಕೆ ಬಂದ ಜಪಾನಿನ ಎಂಜಿನಿಯರ್ ಒಬ್ಬರ ಉದ್ಯೋಗ ವೀಸಾ ಮುಗಿಯುತ್ತಾ ಬಂದರೆ, ಅವರು ಟೋಕಿಯೋಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿಗೆ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಿ, ನಿಯಮದ ಮಿತಿಯೊಳಗೆ ವೀಸಾವನ್ನೇ ಇಲ್ಲಿದ್ದುಕೊಂಡು ವಿಸ್ತರಿಸಿಕೊಳ್ಳಬಹುದು. ನಮ್ಮ ಸರ್ಕಾರಿ ಕಚೇರಿಗಳ ಬಗ್ಗೆ ಹೊಗಳಿ ಮಾತಾಡುವ ಸಂದರ್ಭ ನನಗೆ ಬರುವುದು ಅಪರೂಪ, ಬಂದಾಗ ಹೇಳಿಬಿಡಬೇಕು. ಅಮೆರಿಕದೊಂದಿಗೆ ಮಾತುಕತೆಗೆ ಕೂರುವ ನಮ್ಮವರು ಕೇಳಬೇಕಾದದ್ದು ಇಷ್ಟನ್ನೇ: 2024ರ ಆ ಪ್ರಯೋಗವನ್ನು ಕಾಯಂ ಮಾಡಿ, ಹೆಂಡತಿ ಮಕ್ಕಳನ್ನೂ ಅದರೊಳಗೆ ಸೇರಿಸಿ. ಹೊಸ ರಿಯಾಯಿತಿಯೇನೂ ಬೇಕಾಗಿಲ್ಲ.

ಅಲ್ಲಿಯವರೆಗೆ ನಮ್ಮ ಮನೆಗಳು ಮಾಡಬಹುದಾದ ಕೆಲಸ ಒಂದಿದೆ. ಗೃಹಪ್ರವೇಶಕ್ಕೋ ನಾಮಕರಣಕ್ಕೋ ಮುಹೂರ್ತ ಇಟ್ಟು, ಆಮೇಲೆ “ಟಿಕೆಟ್ ಮಾಡಿಸಿಕೊಂಡು ಬಾ” ಎಂದು ಹಟ ಹಿಡಿಯುವುದನ್ನು ನಿಲ್ಲಿಸಬೇಕು. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಯಾವಾಗ ಮುಗಿಯುತ್ತದೆ ಎಂದು ಮೊದಲು ಕೇಳಬೇಕು. ಬಾರದೆ ಇದ್ದವರನ್ನು ‘ದುಡ್ಡು ಬಂದ ಮೇಲೆ ಊರು ಮರೆತರು’ ಎಂದು ಆಡಿಕೊಳ್ಳುವುದನ್ನು ನಾನೂ ಮಾಡಿದ್ದೇನೆ, ಈಗ ನಾಚಿಕೆಯಾಗುತ್ತದೆ.

ನಮ್ಮ ಮನೆಯಲ್ಲಿ ಈಗ ವಿಚಿತ್ರ ಪರಿಸ್ಥಿತಿ. ಭಾರತದಿಂದ ಕೆಲಸ ಮಾಡಲು ತಮ್ಮನ ಕಂಪನಿ ಕೆಲವು ವಾರಗಳ ಅನುಮತಿ ಕೊಟ್ಟಿತ್ತು, ಅದು ಮುಗಿದು ಈಗ ಸಂಬಳವಿಲ್ಲದ ರಜೆ ನಡೆಯುತ್ತಿದೆ. ಅಲ್ಲಿನ ಮನೆಗೆ ಬಾಡಿಗೆ ಹೋಗುತ್ತಲೇ ಇದೆ. ಮಗಳು ಅಲ್ಲೇ ಹುಟ್ಟಿದ ಅಮೆರಿಕದ ಪ್ರಜೆ, ಅವಳು ಯಾವ ದಿನ ಬೇಕಾದರೂ ಹೋಗಬಹುದು, ಅಪ್ಪ ಅಮ್ಮ ಹೋಗುವಂತಿಲ್ಲ. ಸಂತೋಷವಾಗಿರುವವರು ಅಮ್ಮ ಒಬ್ಬರೇ. ಮೊಮ್ಮಗಳಿಗೆ ಮುದ್ದೆ ನುಂಗುವುದನ್ನು ಕಲಿಸಿದ್ದಾರೆ, ಆದರೆ ಆ ಸಂತೋಷವನ್ನು ಮಗನ ಮುಂದೆ ತೋರಿಸಿಕೊಳ್ಳಲು ಅವರಿಗೆ ಅಳುಕು.

ಮೊನ್ನೆ ಪುರೋಹಿತರು ಮನೆಗೆ ಬಂದಿದ್ದರು. ಈ ವರ್ಷ ಅಧಿಕ ಜ್ಯೇಷ್ಠ ಮಾಸ ಬರುವುದರಿಂದ ತಂದೆಯವರ ತಿಥಿ ಡಿಸೆಂಬರ್‌ಗೆ ಬೀಳುತ್ತದೆ ಎಂದು ಹೇಳಿ, ತಿಥಿ ವಾರವನ್ನು ಒಂದು ಚೀಟಿಯಲ್ಲಿ ಬರೆದು ತಮ್ಮನ ಕೈಗೆ ಕೊಟ್ಟರು. ಅವನು ಅದನ್ನು ಓದಿ, ಮಡಿಚಿ, “ಅಕ್ಕ, ಇದು ನಿನ್ನ ಹತ್ರಾನೇ ಇರಲಿ” ಎಂದು ನನಗೆ ಕೊಟ್ಟ.