ಫಿಂಚ್ ಮರಿ ಮಾಡಿಸೋದು: ಗೂಡು ಯಾವಾಗ ಇಡಬೇಕು, ಯಾವಾಗ ತೆಗೀಬೇಕು?

[ದೃಶ್ಯ: ಕೋಣೆಯ ಗೋಡೆಗೆ ಉದ್ದಕ್ಕೆ ಇಟ್ಟ ಪಂಜರ. ಗೂಡಿಗಾಗಿ ಕಟ್ಟಿದ ಮಡಕೆಯ ಬಾಯಲ್ಲಿ ಕೂತಿರುವ ಹೆಣ್ಣು ಜೀಬ್ರಾ ಫಿಂಚ್, ಕಾಳು ತಿನ್ನುವ ಪುಟ್ಟ ಸಾಕುಹಕ್ಕಿ.]

ಈ ಹೆಣ್ಣು ಇವತ್ತು ಬೆಳಿಗ್ಗೆ ಮೂರನೇ ಮೊಟ್ಟೆ ಇಟ್ಟಿದೆ. ಹಾಗಾಗಿ ಪಂಜರದಲ್ಲಿ ಉಳಿದಿದ್ದ ತೆಂಗಿನ ನಾರು, ಒಣಹುಲ್ಲು ಎಲ್ಲಾ ನಾನೀಗ ಆಚೆ ತೆಗೀತಿದೀನಿ. ಸಾಮಾನು ಸಿಗ್ತಾ ಇರೋವರೆಗೂ ಇವು ಗೂಡು ಕಟ್ಟೋದು ನಿಲ್ಲಿಸಲ್ಲ. ಇಟ್ಟಿರೋ ಮೊಟ್ಟೆ ಮೇಲೇ ಇನ್ನೊಂದು ಪದರ ಹಾಸಿಬಿಡ್ತವೆ, ಅದರ ಮೇಲೆ ಮತ್ತೆ ಮೊಟ್ಟೆ. ಅಡಿಯಲ್ಲಿರೋವು ಕಾವಿಲ್ಲದೆ ಕೆಡ್ತವೆ. ನನ್ನ ಮೊದಲ ಜೋಡಿಯ ಮಡಕೆ ಬಿಚ್ಚಿದಾಗ ಮೂರು ಪದರ ಮೊಟ್ಟೆ ಇತ್ತು. ಒಂದೂ ಮರಿಯಾಗಿರಲಿಲ್ಲ.

ಇದು ಹಕ್ಕಿಯ ತಪ್ಪಲ್ಲ. ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣ ಬಯಲಿನದು. ಅಲ್ಲಿ ಮಳೆ ಬಿದ್ದು ಹುಲ್ಲು ತೆನೆ ಬಿಟ್ಟಾಗ ಗಬಗಬ ಅಂತ ಮರಿ ಮಾಡಿಕೊಳ್ಳುತ್ತೆ. ಬರ ಬಂದರೆ ನಿಲ್ಲಿಸುತ್ತೆ. ನಮ್ಮ ಮನೆಯಲ್ಲಿ ಕಾಳು, ನೀರು ಯಾವತ್ತೂ ಮುಗಿಯಲ್ಲ. ಅದರ ಮೈಗೆ ವರ್ಷಪೂರ್ತಿ ಮಳೆಗಾಲವೇ. ಶುರು ಮಾಡೋಕೆ ನಾವು ಬೇಕಿಲ್ಲ, ನಿಲ್ಲಿಸೋಕೆ ನಾವು ಬೇಕು.

[ದೃಶ್ಯ: ಗಂಡು, ಹೆಣ್ಣು ಅಕ್ಕಪಕ್ಕ.]

ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು, ಎದೆ ಮೇಲೆ ಪಟ್ಟೆ, ಪಕ್ಕೆಯಲ್ಲಿ ಬಿಳಿ ಚುಕ್ಕಿ ಇದ್ದರೆ ಗಂಡು. ಮೈಯೆಲ್ಲಾ ಬೂದಿ ಬಣ್ಣ ಇದ್ದರೆ ಹೆಣ್ಣು. ಪೂರ್ತಿ ಬಿಳಿ ಹಕ್ಕಿಯಲ್ಲಿ ಈ ಗುರುತು ಸಿಗಲ್ಲ, ಆಗ ಹಾಡು ಕೇಳಿ. ಹಾಡೋದು ಗಂಡು ಮಾತ್ರ.

ಮೂರು ತಿಂಗಳಿಗೇ ಇವು ಮೊಟ್ಟೆ ಇಡಬಲ್ಲವು. ದಯವಿಟ್ಟು ಬಿಡಬೇಡಿ. ಕಡಿಮೆ ಅಂದರೂ ಆರು ತಿಂಗಳು ಆಗಲಿ, ನಾನು ಒಂಬತ್ತರವರೆಗೆ ಕಾಯ್ತೀನಿ. ಎಳೆ ಹೆಣ್ಣಿಗೆ, ಸುಣ್ಣದ ಅಂಶ ಕಡಿಮೆ ಇರೋ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು ತಿಣುಕುತ್ತಾ ಇದ್ದರೆ ಅದೇ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತೆ. ಬೆಚ್ಚಗಿಟ್ಟು ತಕ್ಷಣ ಪಶುವೈದ್ಯರ ಹತ್ತಿರ ಓಡಿ. ನಾನು ಒಂದು ಸಲ ಬೆಳಿಗ್ಗೆ ನೋಡೋಣ ಅಂತ ಮಲಗಿದೆ. ಬೆಳಿಗ್ಗೆ ಆ ಹಕ್ಕಿ ಇರಲಿಲ್ಲ.

ಅದಕ್ಕೇ ಗೂಡಿಡೋ ಒಂದು ತಿಂಗಳು ಮುಂಚೆಯಿಂದ ಕಟಲ್ ಬೋನ್, ಅಂದರೆ ಕಟಲ್ ಫಿಶ್ ಅನ್ನೋ ಕಡಲಜೀವಿಯ ಸುಣ್ಣದ ಚಿಪ್ಪು, ಪಂಜರದಲ್ಲಿರಬೇಕು. ತೊಳೆದು ಒಣಗಿಸಿ ಪುಡಿ ಮಾಡಿದ ಮೊಟ್ಟೆ ಚಿಪ್ಪೂ ಆಗುತ್ತೆ. ಆದರೆ ತಿಂದ ಸುಣ್ಣ ಮೈಗೆ ಹತ್ತೋಕೆ ವಿಟಮಿನ್ ಡಿ ಬೇಕು. ಕಿಟಕಿ ಗಾಜಿನ ಹಿಂದಿನ ಬಿಸಿಲಿಗೆ ಆ ಶಕ್ತಿ ಇಲ್ಲ, ಗಾಜು ಅದನ್ನ ತಡೆದುಬಿಡುತ್ತೆ. ಗಾಜು ಸರಿಸಿ ಎಳೆಬಿಸಿಲು ನೇರ ಬೀಳೋ ಹಾಗೆ ಮಾಡಿ, ಪಂಜರದ ಅರ್ಧ ಭಾಗ ನೆರಳಲ್ಲೇ ಇರಲಿ.

ಊಟಕ್ಕೆ ಸಿಪ್ಪೆ ಸಮೇತ ಇರೋ ನವಣೆ, ಬರಗು, ಸಾಮೆ. ಪಾಲಿಶ್ ಮಾಡಿದ ಅಕ್ಕಿ ಥರದ್ದಲ್ಲ. ಮರಿ ಇದ್ದಾಗ ಮೊಳಕೆ ಬರಿಸಿದ ನವಣೆ, ಬೇಯಿಸಿದ ಮೊಟ್ಟೆ, ತೊಳೆದ ಕೊತ್ತಂಬರಿ ಸೊಪ್ಪು ಕೊಡಿ. ಮೊಟ್ಟೆ ಎರಡು ಮೂರು ಗಂಟೆ ಮೇಲೆ ಇಡಬೇಡಿ, ನಮ್ಮ ಸೆಕೆಗೆ ಹಳಸುತ್ತೆ.

[ದೃಶ್ಯ: ಒಂದೇ ಎತ್ತರದಲ್ಲಿ ಕಟ್ಟಿದ ಮಡಕೆಗಳು.]

ಫಿಂಚ್ ಅಡ್ಡಡ್ಡ ಹಾರೋ ಹಕ್ಕಿ, ಎತ್ತರದ ಪಂಜರಕ್ಕಿಂತ ಉದ್ದದ್ದು ಮೇಲು. ಮೂರು ಜೋಡಿಗೆ ಆರು ಮಡಕೆ ಕಟ್ಟಿ, ಎಲ್ಲಾ ಒಂದೇ ಎತ್ತರಕ್ಕೆ. ಒಂದು ಮೇಲಿದ್ದರೂ ಅದಕ್ಕೇ ಜಗಳ. ನಾರನ್ನ ಬೆರಳುದ್ದ ಕತ್ತರಿಸಿ. ಉದ್ದ ಎಳೆ, ನೂಲು, ಹತ್ತಿ ಮರಿ ಕಾಲಿಗೆ ಸುತ್ತಿಕೊಂಡು ಕಾಲೇ ಹೋಗುತ್ತೆ. ಸ್ಟ್ಯಾಂಡಿನ ಕಾಲುಗಳನ್ನ ನೀರಿನ ಬಟ್ಟಲಲ್ಲಿಡಿ. ಇರುವೆ ಹತ್ತಿದ ಗೂಡಲ್ಲಿ ಮರಿ ಉಳಿಯಲ್ಲ.

ಆ ಕೋಣೆಯಲ್ಲಿ ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಬೇಡವೇ ಬೇಡ. ಅಡುಗೆಮನೆ ಪಕ್ಕದಲ್ಲಿದ್ದರೆ ನಾನ್‌ಸ್ಟಿಕ್ ತವಾನೂ ಬೇಡ. ಅದು ಅತಿಯಾಗಿ ಕಾದಾಗ ಬರೋ ಹೊಗೆ ನಮಗೆ ಗೊತ್ತೂ ಆಗಲ್ಲ, ಹಕ್ಕಿ ನಿಂತಲ್ಲೇ ಬೀಳುತ್ತೆ.

ದಿನಕ್ಕೊಂದರಂತೆ ನಾಲ್ಕರಿಂದ ಆರು ಮೊಟ್ಟೆ. ಅಪ್ಪ, ಅಮ್ಮ ಸರದಿಯಲ್ಲಿ ಕಾವು ಕೂರ್ತವೆ, ಹದಿಮೂರು ಹದಿನಾಲ್ಕು ದಿನಕ್ಕೆ ಮರಿ. ಕಾವು ಕೂತ ಒಂದು ವಾರಕ್ಕೆ ಮೊಟ್ಟೆಗೆ ಮೊಬೈಲ್ ಟಾರ್ಚ್ ಹಿಡಿದು ಒಂದೇ ಒಂದು ಸಲ ನೋಡಿ. ಒಳಗೆ ಕೆಂಪು ನರ ಕಂಡರೆ ಜೀವ ಇದೆ. ಆಮೇಲೆ ಮಡಕೆ ಮುಟ್ಟಬೇಡಿ. ಇಣುಕಿ ಇಣುಕಿ ನೋಡಿದ ಗೂಡಿನಿಂದ ಮರಿಗಳು ಆಚೆ ಬೀಳೋದನ್ನ ನಾನು ಎಷ್ಟೋ ಸಲ ಕಂಡಿದೀನಿ.

ಮೊಟ್ಟೆ ಒಳಗಿರೋ ಜೀವಕ್ಕೆ ಕಿವಿಯೂ ಇದೆ. ಸೆಕೆ ಜಾಸ್ತಿಯಾದಾಗ ತಾಯಿ ತಂದೆ ಮೊಟ್ಟೆಗಳಿಗೆ ಒಂದು ವಿಶೇಷ ಕೂಗು ಹಾಕ್ತವೆ, ಅದನ್ನ ಕೇಳಿದ ಮರಿಗಳು ಬಿಸಿಲಿಗೆ ಹೊಂದೋ ಹಾಗೆ ಸ್ವಲ್ಪ ಸಣ್ಣದಾಗಿ ಬೆಳೀತವೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 2016ರಲ್ಲಿ ತೋರಿಸಿದರು. ನಾನು ಈ ಕೋಣೆಯಲ್ಲಿ ಟಿವಿ ಹಾಕೋದು ಬಿಟ್ಟಿದ್ದು ಅದನ್ನ ಓದಿದ ಮೇಲೆ.

ಇನ್ನೊಂದು ಮಾತು. ಗದ್ದೆ ಬದಿಯ ರಾಟವಾಳ ಹಕ್ಕಿಗೆ ಬಣ್ಣ ಬಳಿದು ಫಿಂಚ್ ಅಂತ ಮಾರೋರಿದ್ದಾರೆ. ನಮ್ಮ ಕಾಡುಹಕ್ಕಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕೊಳ್ಳಬೇಡಿ.

[ದೃಶ್ಯ: ಕಪ್ಪು ಕೊಕ್ಕಿನ ಮರಿಗಳು.]

ಮೂರು ವಾರಕ್ಕೆ ಮರಿ ಗೂಡಿಂದ ಇಳಿಯುತ್ತೆ. ಇನ್ನೆರಡು ವಾರ ಅಪ್ಪನೇ ಜಾಸ್ತಿ ಗುಟುಕು ಕೊಡೋದು. ಅಷ್ಟರಲ್ಲೇ ಹೆಣ್ಣು ಮತ್ತೆ ಮೊಟ್ಟೆಗೆ ಕೂತುಬಿಡುತ್ತೆ. ವರ್ಷಕ್ಕೆ ಎರಡು ಸಲ ಮರಿ ಮಾಡೋಕೆ ಬಿಡಿ, ಹೆಚ್ಚೆಂದರೆ ಮೂರು. ಆಮೇಲೆ ಮಡಕೆ ಬಿಚ್ಚಿ ತೆಗೆಯಿರಿ. ಬೇಯಿಸಿದ ಮೊಟ್ಟೆ, ಮೊಳಕೆ ಕೊಡೋದು ನಿಲ್ಲಿಸಿ, ಒಣ ಕಾಳಿಗೆ ಬನ್ನಿ. ಆಗಲೂ ಕಾಳಿನ ಬಟ್ಟಲಲ್ಲೇ ಮೊಟ್ಟೆ ಇಟ್ಟರೆ ಗಂಡು ಹೆಣ್ಣು ಬೇರೆ ಮಾಡಿ.

ತಾನೇ ತಿನ್ನೋಕೆ ಕಲಿತ ಮರಿಗಳನ್ನ ಬೇರೆ ಪಂಜರಕ್ಕೆ ಹಾಕಿ, ಆದರೆ ಅಪ್ಪನ ಪಕ್ಕದಲ್ಲೇ ಇಡಿ. ಗಂಡು ಮರಿ ಹಾಡು ಕಲಿಯೋದು ಮೂರು ತಿಂಗಳು ತುಂಬೋದರೊಳಗೆ, ಅಪ್ಪನ ಹಾಡು ಕೇಳಿಕೊಂಡು. ಇಲ್ಲಿ ಕೇಳಿ, ಐವತ್ತು ದಿನದ ಮರಿ ಇದು.

[ಧ್ವನಿ: ಮರಿಯ ತೊದಲು ಹಾಡು. ಪಕ್ಕದ ಪಂಜರದಿಂದ ಅಪ್ಪನ ಹಾಡು.]