ಉಯ್ಯಾಲೆಗೆ ಸರಿ, ಚೆಂಡಿಗೆ ತಪ್ಪು

ಎಲ್ಲರಿಗೂ ನಮಸ್ಕಾರ. ಅನಿಮೇಶನ್ ಮಾಡುವ ತಂತ್ರಾಂಶ ಬ್ಲೆಂಡರ್ ತೆರೆದಿದ್ದೀರಿ, ನಡುವೆ ಒಂದು ಬೂದು ಘನ ಕೂತಿದೆ. ಅದನ್ನು ಆಯ್ದು ಡಿಲೀಟ್ ಮಾಡಿಬಿಡಿ. ಹೊಸಬರೆಲ್ಲ ಮೊದಲು ಮಾಡುವ ಕೆಲಸ ಅದೇ, ಪಾಪದ ಘನ! ಆ ಜಾಗಕ್ಕೆ ಒಂದು ಚೆಂಡು ತನ್ನಿ. ಇವತ್ತಿಡೀ ನಮ್ಮ ಕೆಲಸ ಈ ಚೆಂಡಿನ ಜೊತೆ, ಆಮೇಲೆ ಒಂದು ಉಯ್ಯಾಲೆಯ ಜೊತೆ.

ಕಾಗದದ ಮೇಲೆ ಕಾರ್ಟೂನ್ ಬರೆಯುತ್ತಿದ್ದ ಕಾಲದಲ್ಲಿ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನಷ್ಟೇ ಬರೆದು ಎದ್ದು ಹೋಗುತ್ತಿದ್ದರು. ನಡುವಿನ ಹಾಳೆಗಳನ್ನು ತುಂಬಲು ಸಹಾಯಕರಿದ್ದರು, ಅವರಿಗೆ ಇನ್‌ಬಿಟ್ವೀನರ್ ಎಂದು ಹೆಸರು. ಆ ಮುಖ್ಯ ಭಂಗಿಯೇ ಕೀಫ್ರೇಮ್. 1970ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಈ ಸಹಾಯಕರ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದರು. 1997ರಲ್ಲಿ ಆಸ್ಕರ್ ಕೊಡುವ ಅಕಾಡೆಮಿ ಇಬ್ಬರಿಗೂ ತಾಂತ್ರಿಕ ಪ್ರಶಸ್ತಿ ಕೊಟ್ಟಿತು. ಈಗ ಹಿರಿಯ ಕಲಾವಿದರು ನೀವು, ಸಹಾಯಕ ನಿಮ್ಮ ಲ್ಯಾಪ್‌ಟಾಪ್. ಈ ಸಹಾಯಕನಿಗೆ ದಣಿವೇ ಇಲ್ಲ. ಆದರೆ ಚೆಂಡು ಯಾವುದು, ಉಯ್ಯಾಲೆ ಯಾವುದು ಎಂಬುದು ಅವನಿಗೆ ತಿಳಿಯುವುದಿಲ್ಲ. ನಮ್ಮ ತಾಪತ್ರಯವೆಲ್ಲ ಅಲ್ಲಿಂದಲೇ ಶುರು.

ಕೀ, ಅಂದರೆ ಕೀಫ್ರೇಮ್, ಹಾಕುವುದು ಸುಲಭ. ಟೈಮ್‌ಲೈನಿನಲ್ಲಿ ಫ್ರೇಮ್ 1ಕ್ಕೆ, ಅಂದರೆ ಮೊದಲ ಚಿತ್ರಕ್ಕೆ, ಬನ್ನಿ, ಚೆಂಡನ್ನು 5 ಮೀಟರ್ ಎತ್ತಿ, ಕೀಬೋರ್ಡಿನಲ್ಲಿ ಐ (I) ಒತ್ತಿ. ಹಳೆಯ ಆವೃತ್ತಿ ಇದ್ದವರಿಗೆ ಒಂದು ಮೆನು ಬರುತ್ತದೆ, ಅದರಲ್ಲಿ ಲೊಕೇಶನ್ ಆರಿಸಿ. ಫ್ರೇಮ್ 25ಕ್ಕೆ ಹೋಗಿ ಚೆಂಡನ್ನು ನೆಲಕ್ಕೆ ಇಳಿಸಿ, ಮತ್ತೆ ಐ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಇದು ಸರಿಯಾಗಿ ಒಂದು ಸೆಕೆಂಡ್.

ಎರಡನೆಯ ಐ ಮರೆಯಬೇಡಿ. ಮೊದಮೊದಲು ನಾನು ಒಂದು ಗೊಂಬೆಯ ಕೈಯನ್ನು ಅರ್ಧ ಗಂಟೆ ತಿದ್ದಿ ತೀಡಿ ನಿಲ್ಲಿಸಿದ್ದೆ. ಕೀ ಹಾಕದೆ ಮುಂದಿನ ಫ್ರೇಮಿಗೆ ಹೋದೆ, ಕೈ ಹಳೆಯ ಜಾಗಕ್ಕೆ ಹಾರಿಹೋಯಿತು. ಪಕ್ಕದ ಪ್ಯಾನೆಲಿನಲ್ಲಿರುವ ಅಂಕಿಗಳ ಬಣ್ಣ ನೋಡುತ್ತಿರಿ. ಹಳದಿ ಇದ್ದರೆ ಈ ಫ್ರೇಮಿನಲ್ಲಿ ಕೀ ಇದೆ. ಹಸಿರು ಇದ್ದರೆ ಕೀ ಬೇರೆಲ್ಲೋ ಇದೆ. ಕಿತ್ತಳೆ ಬಂತೋ, ನೀವು ಬದಲಿಸಿದ್ದು ಇನ್ನೂ ದಾಖಲಾಗಿಲ್ಲ.

ಈಗ ಸ್ಪೇಸ್ ಒತ್ತಿ ನೋಡಿ. ಏನೋ ಸರಿಯಿಲ್ಲ, ಅಲ್ಲವೇ? ಚೆಂಡು ಬೀಳುತ್ತಿಲ್ಲ, ಲಿಫ್ಟಿನಲ್ಲಿ ಇಳಿದು ಬರುತ್ತಿದೆ. ನೆಲ ಹತ್ತಿರವಾದಂತೆ ಮೆಲ್ಲಗಾಗಿ, ಮರ್ಯಾದೆಯಿಂದ ಕೂರುತ್ತದೆ. ಬ್ಲೆಂಡರ್ ತಾನಾಗಿ ಬಳಸುವುದು ಬೆಜಿಯೆ ಎಂಬ ಬಾಗಿದ ಗೆರೆ. ಅದರಲ್ಲಿ ಮೆಲ್ಲಗೆ ಹೊರಟು, ನಡುವೆ ವೇಗ ಹಿಡಿದು, ಮೆಲ್ಲಗೆ ನಿಲ್ಲುವುದೇ ಪದ್ಧತಿ. ನಿಜವಾದ ಚೆಂಡು ಕಾಲು ಸೆಕೆಂಡಿನಲ್ಲಿ 30 ಸೆಂಟಿಮೀಟರ್ ಬೀಳುತ್ತದೆ, ಅರ್ಧ ಸೆಕೆಂಡಿಗೆ 1.2 ಮೀಟರ್, ಒಂದು ಸೆಕೆಂಡಿಗೆ ಸುಮಾರು 5 ಮೀಟರ್. ನೆಲ ಮುಟ್ಟುವ ಗಳಿಗೆಯಲ್ಲೇ ಅದಕ್ಕೆ ಅತಿ ಹೆಚ್ಚು ವೇಗ.

ಇಲ್ಲಿ ಹೊಸಬರಿಗೆ ಒಂದು ಆಸೆ ಹುಟ್ಟುತ್ತದೆ: ನಡುವೆ ಇನ್ನೂ ಹತ್ತು ಕೀ ಜಡಿದುಬಿಡೋಣ ಅಂತ. ದಯವಿಟ್ಟು ಬೇಡ. ನಾಳೆ ಎತ್ತರ ಬದಲಿಸಬೇಕಾದಾಗ ಹತ್ತನ್ನೂ ಕಿತ್ತು ನೆಡಬೇಕಾಗುತ್ತದೆ. ಕೀ ಎರಡೇ ಇರಲಿ, ಗೆರೆಯನ್ನು ತಿದ್ದಿ. ಆ ಗೆರೆ ಕಾಣುವ ಗ್ರಾಫ್ ಎಡಿಟರ್ ತೆರೆದು ನೆಲದ ಕೀ ಆಯ್ಕೆ ಮಾಡಿ, ವಿ (V) ಒತ್ತಿ, ವೆಕ್ಟರ್ ಎನ್ನಿ. ಕೀಗೆ ಅಂಟಿಕೊಂಡು ಗೆರೆಯ ಬಾಗು ತಿದ್ದುವ ಹಿಡಿಕೆ ಚಪ್ಪಟೆಯಾಗಿದ್ದದ್ದು ಓರೆಯಾಗಿ ನಿಲ್ಲುತ್ತದೆ. ಅದನ್ನು ಹಿಡಿದೆಳೆದು ಇನ್ನಷ್ಟು ಕಡಿದಾಗಿಸಿ. ಮೇಲಿನ ಕೀ ತಂಟೆಗೆ ಹೋಗಬೇಡಿ. ಸ್ಪೇಸ್ ಒತ್ತಿ. ಈಗ ಬಿತ್ತು ನೋಡಿ!

ಹಾಗಾದರೆ ಬೆಜಿಯೆ ಕೆಟ್ಟದ್ದೇ? ಉಯ್ಯಾಲೆ ಕಟ್ಟಿ ನೋಡೋಣ. ಏಳೂವರೆ ಅಡಿ ಹಗ್ಗದ ಉಯ್ಯಾಲೆ ಒಮ್ಮೆ ಹೋಗಿಬರಲು ಸುಮಾರು 3 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಂದರೆ 72 ಫ್ರೇಮ್. ಫ್ರೇಮ್ 1ರಲ್ಲಿ 30 ಡಿಗ್ರಿ ಈ ಕಡೆ, 37ರಲ್ಲಿ ಅಷ್ಟೇ ಆ ಕಡೆ, 73ರಲ್ಲಿ ಮತ್ತೆ ಈ ಕಡೆ. ಮೂರೇ ಕೀ. ತಿರುಗುವ ಬಿಂದು, ಅಂದರೆ ಒರಿಜಿನ್, ಕೊಂಬೆಗೆ ಹಗ್ಗ ಕಟ್ಟಿದ ಜಾಗದಲ್ಲಿರಬೇಕು. ಅದು ಹಲಗೆಯ ನಡುವಿದ್ದರೆ ಉಯ್ಯಾಲೆ ಗಿರಗಟ್ಟಲೆಯಾಗುತ್ತದೆ. 73ನೆಯ ಫ್ರೇಮ್ ಮೊದಲನೆಯದೇ ಆದ್ದರಿಂದ ಕೊನೆಯ ಫ್ರೇಮ್ 72 ಎಂದು ಕೊಡಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಒಂದು ಸಣ್ಣ ತಡವರಿಕೆ ಕಾಣುತ್ತದೆ.

ಪ್ಲೇ ಮಾಡಿ. ಒಂದು ಹಿಡಿಕೆಯನ್ನೂ ಮುಟ್ಟಿಲ್ಲ, ಆದರೂ ನಾಗರಪಂಚಮಿಯ ಜೋಕಾಲಿ ಹಾಗೇ ಜೀಕುತ್ತಿದೆ. ನಿಜದ ಉಯ್ಯಾಲೆಯೂ ತುದಿಯಲ್ಲಿ ಅರೆಗಳಿಗೆ ನಿಂತು, ತಗ್ಗಿನಲ್ಲಿ ರಭಸದಿಂದ ಹಾದುಹೋಗುತ್ತದೆ. ಚೆಂಡಿಗೆ ತಪ್ಪಾದ ಗೆರೆಯೇ ಇಲ್ಲಿ ಒಪ್ಪುತ್ತದೆ.

ಸರಿ, ಮತ್ತೆ ಚೆಂಡಿಗೆ ಬನ್ನಿ. ನೆಲಕ್ಕೆ ಬಡಿದದ್ದು 2.8 ಮೀಟರಿಗೆ ಪುಟಿಯಲಿ. ಅಷ್ಟು ಏರಲು 18 ಫ್ರೇಮ್, ಇಳಿಯಲೂ 18. ಅದರ ಮುಂದಿನದು 1.2 ಮೀಟರ್, ಏರಲು 12. ನೆಲದ ಕೀಗಳೆಲ್ಲ ಚೂಪಾಗಿರಲಿ, ಮೇಲಿನವು ದುಂಡಗಿರಲಿ. ಹದಿನೈದು ನಿಮಿಷ ಕೊಡುತ್ತೇನೆ, ನಡುವೆ ಓಡಾಡುತ್ತಿರುತ್ತೇನೆ, ಸಿಕ್ಕಿಕೊಂಡವರು ಕೈ ಎತ್ತಿ.